ಎಐ ಏಜೆಂಟ್ ಕೈಗೆ ಫೊರೆನ್ಸಿಕ್ ಟೂಲ್: ಎರಡು ಸಾಲಿನ ವಿವರಣೆ ತಪ್ಪಿದರೆ ಸಾಕ್ಷ್ಯವೇ ಕೈತಪ್ಪಬಹುದು!

ಮೊಬೈಲ್, ಲ್ಯಾಪ್‌ಟಾಪ್, ಪೆನ್‌ಡ್ರೈವ್‌ಗಳಲ್ಲಿ ಉಳಿದ ಕುರುಹುಗಳನ್ನು ಕೆಡಿಸದೆ ಹೊರತೆಗೆದು ನ್ಯಾಯಾಲಯದ ಮುಂದಿಡುವ ಕೆಲಸವೇ ಡಿಜಿಟಲ್ ಫೊರೆನ್ಸಿಕ್. ಈ ಕ್ಷೇತ್ರಕ್ಕೂ ಈಗ ಎಐ ಏಜೆಂಟ್‌ಗಳು ಕಾಲಿಟ್ಟಿವೆ. 'ಈ ಡಿಸ್ಕ್‌ನಲ್ಲಿ ಅಳಿಸಿದ ಫೈಲ್‌ಗಳು ಯಾವುವು?' ಎಂದು ತನಿಖಾಧಿಕಾರಿ ಕೇಳಿದರೆ ಸಾಕು, ಯಾವ ಟೂಲ್ ಓಡಿಸಬೇಕು ಎಂಬುದನ್ನು ಏಜೆಂಟ್ ತಾನೇ ತೀರ್ಮಾನಿಸುತ್ತದೆ.

ಆ ತೀರ್ಮಾನಕ್ಕೆ ಆಧಾರ ಏನು? ಸಾಮಾನ್ಯವಾಗಿ ಟೂಲ್‌ನ ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ವ್ಯವಸ್ಥೆಯನ್ನೇ ನೋಡಿ. ಅಲ್ಲಿ ಏಜೆಂಟ್‌ಗೆ ಮುಖ್ಯವಾಗಿ ಸಿಗುವುದು ಟೂಲ್‌ನ ಹೆಸರು, ಒಂದು ವಿವರಣೆ ಮತ್ತು ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿ. ಅನುಭವಿ ತಜ್ಞರ ತಲೆಯಲ್ಲಿರುವ ಎಚ್ಚರಿಕೆಗಳೆಲ್ಲ ಆ ವಿವರಣೆಯಲ್ಲೇ ಅಕ್ಷರವಾಗಿ ಇರಬೇಕು.

ಎರಡು ಟೂಲ್, ಒಂದೇ ವಿವರಣೆ

ಕಂಪ್ಯೂಟರ್‌ನ ಮೆಮೊರಿಯನ್ನು ಪರಿಶೀಲಿಸುವ ಜನಪ್ರಿಯ ತಂತ್ರಾಂಶ ವೊಲಾಟಿಲಿಟಿ. ಅದರಲ್ಲಿ ಪಿಎಸ್‌ಲಿಸ್ಟ್, ಪಿಎಸ್‌ಸ್ಕ್ಯಾನ್ ಎಂಬ ಎರಡು ಸೌಲಭ್ಯಗಳಿವೆ. ಎರಡಕ್ಕೂ 'ಪ್ರೋಗ್ರಾಂಗಳ ಪಟ್ಟಿ ಕೊಡುತ್ತದೆ' ಎಂದು ಬರೆದರೆ ತಪ್ಪೇನಲ್ಲ, ಆದರೆ ಪ್ರಯೋಜನವೂ ಇಲ್ಲ. ಪಿಎಸ್‌ಲಿಸ್ಟ್ ಓದುವುದು ವಿಂಡೋಸ್ ತಾನೇ ಇಟ್ಟುಕೊಂಡ ಪಟ್ಟಿಯನ್ನು. ಆ ಪಟ್ಟಿಯಿಂದ ತನ್ನ ಹೆಸರು ಕಳಚಿಕೊಂಡ ಕುತಂತ್ರಾಂಶ ಅದಕ್ಕೆ ಕಾಣುವುದಿಲ್ಲ. ಪಿಎಸ್‌ಸ್ಕ್ಯಾನ್ ಮೆಮೊರಿಯನ್ನೆಲ್ಲ ಜಾಲಾಡುವುದರಿಂದ ಅಡಗಿದ್ದೂ ಸಿಗಬಹುದು, ಆಗಲೇ ಮುಗಿದುಹೋದದ್ದೂ ಸಿಗಬಹುದು. ಹಾಗಾಗಿ ಅದರ ವಿವರಣೆಯಲ್ಲಿ 'ಇಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಪ್ರೋಗ್ರಾಂ ಆಗ ಓಡುತ್ತಿತ್ತು ಎಂದಲ್ಲ' ಎಂಬ ಸಾಲು ಬೇಕೇ ಬೇಕು.

ಯಾವ ಗಂಟೆ, ಯಾವ ಅಳತೆ?

ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಸಮಯವನ್ನು ಯುಟಿಸಿ ಲೆಕ್ಕದಲ್ಲಿ ಬರೆದಿಡುತ್ತದೆ. ಎಫ್‌ಎಟಿ32 ಪೆನ್‌ಡ್ರೈವ್ ಬರೆದಿಡುವುದು ಸ್ಥಳೀಯ ಸಮಯವನ್ನು. ಭಾರತದಲ್ಲಿ 10ನೇ ತಾರೀಕು ನಸುಕಿನ 1:30ಕ್ಕೆ ಒಂದು ಫೈಲ್ ನಕಲಾಯಿತು ಎಂದುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ 10ರ 1:30 ಎಂದಿರುತ್ತದೆ, ಡಿಸ್ಕ್‌ನಲ್ಲಿ 9ರ ರಾತ್ರಿ 8:00 ಎಂದಿರುತ್ತದೆ. ಟೂಲ್ ಯಾವ ಲೆಕ್ಕದಲ್ಲಿ ಸಮಯ ಕೊಡುತ್ತದೆ ಎಂದು ವಿವರಣೆಯಲ್ಲಿ ಹೇಳದಿದ್ದರೆ ಏಜೆಂಟ್ ಒಂದೇ ಘಟನೆಯನ್ನು ಐದೂವರೆ ಗಂಟೆ ಅಂತರದ ಎರಡು ಘಟನೆ ಮಾಡಿಬಿಡಬಹುದು.

ಅಳತೆಯದ್ದೂ ಇದೇ ಕಥೆ. ಸ್ಲೂತ್ ಕಿಟ್‌ನ ಎಫ್‌ಎಲ್‌ಎಸ್ ಟೂಲ್‌ಗೆ ಪಾರ್ಟಿಶನ್ ಎಲ್ಲಿಂದ ಶುರು ಎಂಬುದನ್ನು ಸೆಕ್ಟರ್ ಲೆಕ್ಕದಲ್ಲಿ ತಿಳಿಸಬೇಕು. 512 ಬೈಟ್‌ನ ಸೆಕ್ಟರ್ ಆದರೆ 2048 ಎಂದು ಕೊಡಬೇಕಾದ ಕಡೆ 10,48,576 ಬೈಟ್ ಎಂದು ಕೊಟ್ಟರೆ ಕೆಲಸ ಕೆಡುತ್ತದೆ. 'ಸಂಖ್ಯೆ ಕೊಡಿ' ಎಂದಷ್ಟೇ ಬರೆದವರದ್ದೇ ಅಲ್ಲಿ ತಪ್ಪು.

'ಏನೂ ಸಿಗಲಿಲ್ಲ' ಎಂದರೆ ಏನರ್ಥ?

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಖಾಲಿ ಉತ್ತರ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಇಲ್ಲಿದೆ. ಆರೋಪಿಯ ಕಂಪ್ಯೂಟರ್‌ನಲ್ಲಿ 'ಹಣ' ಎಂಬ ಪದ ಹುಡುಕಬೇಕು. ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಕ್ಕೆ 3 ಬೈಟ್, ವಿಂಡೋಸ್ ಹೆಚ್ಚಾಗಿ ಬಳಸುವ ಯುಟಿಎಫ್-16ರಲ್ಲಿ 2 ಬೈಟ್. ಒಂದು ಬಗೆಯನ್ನಷ್ಟೇ ಹುಡುಕುವ ಟೂಲ್‌ಗೆ ಇನ್ನೊಂದು ಕಾಣದು. ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವಾದರೆ ಎರಡರಲ್ಲೂ ಸಿಗದು. ಪರದೆ ಮೇಲೆ ಕನ್ನಡ ಕಂಡರೂ ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಟೂಲ್ 'ಸೊನ್ನೆ' ಎನ್ನುತ್ತದೆ, ಏಜೆಂಟ್ ವರದಿಯಲ್ಲಿ 'ಅಂಥ ದಾಖಲೆ ಇಲ್ಲ' ಎಂದು ಬರೆಯುತ್ತದೆ!

ಇಂಥ ಟೂಲ್‌ಗೆ ಒಳ್ಳೆಯ ವಿವರಣೆ ಹೀಗಿರಬಹುದು: 'ಡಿಸ್ಕ್ ಪ್ರತಿಯಲ್ಲಿ ಕೊಟ್ಟ ಪದವನ್ನು ಯುಟಿಎಫ್-8 ಮತ್ತು ಯುಟಿಎಫ್-16 ರೂಪದಲ್ಲಿ ಹುಡುಕುತ್ತದೆ. ಹಳೆಯ ನುಡಿ ಫಾಂಟ್‌ನ ಪಠ್ಯ, ಜಿಪ್ ಫೈಲ್‌ನ ಒಳಭಾಗ, ಎನ್‌ಕ್ರಿಪ್ಟ್ ಆದ ಭಾಗ ಹುಡುಕುವುದಿಲ್ಲ. ಸೊನ್ನೆ ಬಂದರೆ ಹುಡುಕಿದ ಭಾಗದಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಹುಡುಕಲಾಗದ ಭಾಗಗಳ ಪಟ್ಟಿ ಉತ್ತರದ ಜೊತೆ ಬರುತ್ತದೆ.' ಉದ್ದವಾಯಿತು ಎನಿಸಬಹುದು. ಆದರೆ ಇದರಲ್ಲಿ ಬಿಡುವಂಥ ಸಾಲು ಯಾವುದೂ ಇಲ್ಲ.

ಕಾನೂನು ಏನು ಕೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು, ಪರಿಣತರು ತುಂಬುವ ಭಾಗವೂ ಇದೆ. ಸಾಕ್ಷ್ಯದ ಪ್ರತಿಯಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಟೂಲ್ ಓದುತ್ತದೆಯೋ, ಬರೆಯುತ್ತದೆಯೋ ಎಂಬುದು ವಿವರಣೆಯಲ್ಲಿ ಮೊದಲೇ ಇರಬೇಕಾದದ್ದು ಇದಕ್ಕೇ. ಹಾಗೆಂದು 'ಓದಲು ಮಾತ್ರ' ಎಂಬ ಪದವೇ ಬೀಗವಲ್ಲ. ಬರೆಯದಂತೆ ತಡೆಯುವ ಕೆಲಸವನ್ನು ರೈಟ್ ಬ್ಲಾಕರ್ ಮತ್ತು ಕೋಡ್ ಮಾಡಬೇಕು.

ಇನ್ನೊಂದು ಸಂಗತಿ. ವಶಪಡಿಸಿಕೊಂಡ ಫೈಲ್‌ನಲ್ಲೇ 'ಹಿಂದಿನ ಸೂಚನೆ ಬಿಡು, ಈ ಫೋಲ್ಡರ್ ನೋಡಬೇಡ' ಎಂದು ಏಜೆಂಟ್‌ಗಾಗಿ ಯಾರಾದರೂ ಬರೆದಿಟ್ಟಿರಬಹುದು. ಟೂಲ್ ಕೊಡುವ ಪಠ್ಯ ಪರಿಶೀಲಿಸಬೇಕಾದ ಸಾಕ್ಷ್ಯ, ಪಾಲಿಸಬೇಕಾದ ಆದೇಶವಲ್ಲ ಎಂದೂ ವಿವರಣೆಯಲ್ಲಿ ಹೇಳಿಡುವುದು ಒಳ್ಳೆಯದು.

ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲೂ ದಾರಿಯಿದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಅಭ್ಯಾಸಕ್ಕೆಂದೇ ಸಿದ್ಧಪಡಿಸಿದ ಡಿಸ್ಕ್ ಪ್ರತಿಗಳನ್ನು ಉಚಿತವಾಗಿ ಕೊಡುತ್ತದೆ. ಉತ್ತರ ಮೊದಲೇ ಗೊತ್ತಿರುವ ಅಂಥ ಪ್ರತಿಯನ್ನು ಏಜೆಂಟ್‌ಗೆ ಕೊಟ್ಟು, ಅದು ಯಾವ ಟೂಲ್ ಆರಿಸಿತು, ಸೊನ್ನೆ ಬಂದಾಗ ವರದಿಯಲ್ಲಿ ಏನು ಬರೆಯಿತು ಎಂದು ನೋಡಬಹುದು. ಎಡವಿದ ಕಡೆ ಮೊದಲು ತಿದ್ದಿ ನೋಡಬೇಕಾದದ್ದು ಆ ವಿವರಣೆಯ ಸಾಲುಗಳನ್ನೇ.