ಜೆಸ್ವಿನ್ ಆಲ್ಡ್ರಿನ್

ಜೆಸ್ವಿನ್ ಆಲ್ಡ್ರಿನ್ ಜಾನ್ಸನ್ (ಜನನ: 24 ಡಿಸೆಂಬರ್ 2001) ಭಾರತದ ಉದ್ದಜಿಗಿತ ಪಟು. ತಮಿಳುನಾಡಿನವರಾದ ಇವರು 2023ರ ಮಾರ್ಚ್ 2ರಂದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಮೈದಾನದಲ್ಲಿ 8.42 ಮೀಟರ್ ದೂರ ಜಿಗಿದು ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದರು. ಇವರು ತರಬೇತಿ ಪಡೆದದ್ದೂ ಇದೇ ಸಂಸ್ಥೆಯಲ್ಲಿ. 2023ರ ಏಷ್ಯನ್ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿಯ ಪದಕ ಪಡೆದ ಇವರು ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತನ್ನು ತಲುಪಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು.

ಹುಟ್ಟೂರು

ಜೆಸ್ವಿನ್ ಅವರ ಊರು ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಮುದಲೂರು. ತೆಂಗಿನ ಹಾಲಿನಿಂದ ತಯಾರಿಸುವ ಮಸ್ಕತ್ ಹಲ್ವಕ್ಕೆ ಈ ಗ್ರಾಮ ಹೆಸರಾಗಿದೆ. ಭಾರತದ ಜಿಗಿತ ಸ್ಪರ್ಧೆಗಳಲ್ಲಿ ಕೇರಳ ಮತ್ತು ತಮಿಳುನಾಡಿನ ಕ್ರೀಡಾಪಟುಗಳ ಪಾಲು ಮೊದಲಿನಿಂದಲೂ ದೊಡ್ಡದು. ಜೆಸ್ವಿನ್ ಅವರ ಸಮಕಾಲೀನರಲ್ಲಿ ಪ್ರಮುಖರಾದ ಮುರಳಿ ಶ್ರೀಶಂಕರ್ ಮತ್ತು ಮುಹಮ್ಮದ್ ಅನೀಸ್ ಯಾಹಿಯಾ ಕೇರಳದವರು. ತ್ರಿವಿಧ ಜಿಗಿತದ ಪ್ರವೀಣ್ ಚಿತ್ರವೇಲ್ ಮತ್ತು ಸೆಲ್ವ ಪ್ರಭು ತಮಿಳುನಾಡಿನವರು.

ತೋರಣಗಲ್ಲಿನಲ್ಲಿ ತರಬೇತಿ

ಜೆಎಸ್‌ಡಬ್ಲ್ಯೂ ಸಮೂಹವು 2018ರಲ್ಲಿ ತನ್ನ ಉಕ್ಕಿನ ಕಾರ್ಖಾನೆಯ ಪ್ರದೇಶದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನು ಆರಂಭಿಸಿತು. ಖಾಸಗಿ ನೆರವಿನಿಂದ ನಡೆಯುವ ಈ ಸಂಸ್ಥೆಯಲ್ಲಿ ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೋ ಮತ್ತು ಈಜಿನಲ್ಲಿ ವಸತಿಸಹಿತ ತರಬೇತಿಯ ವ್ಯವಸ್ಥೆಯಿದೆ. ಒಲಿಂಪಿಕ್ ಚಿನ್ನ ಗೆದ್ದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆಗಾಗಿ ಕೆಲಕಾಲ ಇಲ್ಲಿದ್ದರು.

ಇಲ್ಲಿ ಜೆಸ್ವಿನ್ ಅವರಿಗೆ ಕ್ಯೂಬಾ ದೇಶದ ಯೊಆಂದ್ರಿ ಬೆತಾಂಜೋಸ್ ತರಬೇತಿ ನೀಡಿದರು. ಬೆತಾಂಜೋಸ್ 2003ರ ಪ್ಯಾರಿಸ್ ಮತ್ತು 2005ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ತ್ರಿವಿಧ ಜಿಗಿತದ ಬೆಳ್ಳಿ ಪದಕಗಳನ್ನು ಗೆದ್ದವರು. ಅವರ ಶಿಷ್ಯರ ಪೈಕಿ ಸೆಲ್ವ ಪ್ರಭು 2022ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಪಡೆದರು. ಪ್ರವೀಣ್ ಚಿತ್ರವೇಲ್ 2023ರ ಮೇ ತಿಂಗಳಲ್ಲಿ ಹವಾನಾದಲ್ಲಿ 17.37 ಮೀಟರ್ ಜಿಗಿದು ತ್ರಿವಿಧ ಜಿಗಿತದ ರಾಷ್ಟ್ರೀಯ ದಾಖಲೆಯನ್ನು ಉತ್ತಮಪಡಿಸಿದರು. ಹೀಗೆ ಎರಡು ತಿಂಗಳ ಅಂತರದಲ್ಲಿ ಎರಡೂ ಜಿಗಿತಗಳ ರಾಷ್ಟ್ರೀಯ ದಾಖಲೆಗಳು ಒಬ್ಬನೇ ಗುರುವಿನ ಶಿಷ್ಯರ ಪಾಲಾದವು.

ವೃತ್ತಿಜೀವನ

2022

2022ರ ಏಪ್ರಿಲ್‌ನಲ್ಲಿ ಕೇರಳದಲ್ಲಿ ನಡೆದ ಫೆಡರೇಷನ್ ಕಪ್ ಕೂಟದಲ್ಲಿ ಜೆಸ್ವಿನ್ 8.37 ಮೀಟರ್ ಜಿಗಿದು ಗೆದ್ದರು. ಅದೇ ಸ್ಪರ್ಧೆಯಲ್ಲಿ ಎರಡನೆಯವರಾದ ಶ್ರೀಶಂಕರ್ ಅವರ ಜಿಗಿತ 8.36 ಮೀಟರ್. ಆದರೆ ರಾಷ್ಟ್ರೀಯ ದಾಖಲೆಯೆಂದು ಮಾನ್ಯವಾದದ್ದು ಶ್ರೀಶಂಕರ್ ಅವರ ಜಿಗಿತವೇ. ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಮೀರಿದರೆ ಆ ಜಿಗಿತವು ಸ್ಥಾನ ನಿರ್ಣಯಕ್ಕೆ ಲೆಕ್ಕವಾಗುತ್ತದೆಯೇ ಹೊರತು ದಾಖಲೆಯಾಗಿ ಪರಿಗಣಿತವಾಗುವುದಿಲ್ಲ. ಜೆಸ್ವಿನ್ ಅವರ ಜಿಗಿತದ ವೇಳೆ ಗಾಳಿಯ ವೇಗ ಈ ಮಿತಿಯನ್ನು ದಾಟಿತ್ತು. ಚಿನ್ನ ಒಬ್ಬರಿಗೆ, ದಾಖಲೆ ಇನ್ನೊಬ್ಬರಿಗೆ ಎಂಬಂತಾಯಿತು.

ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮೂವರು ಉದ್ದಜಿಗಿತ ಪಟುಗಳು ಭಾಗವಹಿಸಿದರು. ಜೆಸ್ವಿನ್ 7.79 ಮೀಟರ್ ಜಿಗಿದು ಅರ್ಹತಾ ಸುತ್ತಿನಲ್ಲೇ ನಿರ್ಗಮಿಸಿದರು. ಶ್ರೀಶಂಕರ್ ಅಂತಿಮ ಸುತ್ತಿನಲ್ಲಿ ಏಳನೆಯವರಾದರು. ಗುಜರಾತಿನಲ್ಲಿ ನಡೆದ 36ನೆಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಜೆಸ್ವಿನ್ 8.26 ಮೀಟರ್ ಜಿಗಿದು ಚಿನ್ನ ಗೆದ್ದರು. ಈ ಜಿಗಿತವು 2023ರ ವಿಶ್ವ ಚಾಂಪಿಯನ್‌ಷಿಪ್‌ಗೆ ನಿಗದಿಯಾಗಿದ್ದ 8.25 ಮೀಟರ್ ಅರ್ಹತಾ ಮಟ್ಟಕ್ಕಿಂತ 1 ಸೆಂಟಿಮೀಟರ್ ಹೆಚ್ಚಿನದು.

ರಾಷ್ಟ್ರೀಯ ದಾಖಲೆ

2023ರ ಫೆಬ್ರವರಿಯಲ್ಲಿ ಕಜಕಸ್ತಾನದ ಅಸ್ತಾನಾದಲ್ಲಿ ನಡೆದ ಏಷ್ಯನ್ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಜೆಸ್ವಿನ್ 7.97 ಮೀಟರ್ ಜಿಗಿದು ಬೆಳ್ಳಿ ಪಡೆದರು. ಅಲ್ಲಿಂದ ಮರಳಿದ ಬಳಿಕ ಮಾರ್ಚ್ 2ರಂದು ತೋರಣಗಲ್ಲಿನಲ್ಲಿ ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್‌ನ ರಾಷ್ಟ್ರೀಯ ಮುಕ್ತ ಜಿಗಿತ ಸ್ಪರ್ಧೆ ನಡೆಯಿತು. ಅದರಲ್ಲಿ ಅವರು 8.42 ಮೀಟರ್, ಅಂದರೆ ಸುಮಾರು 27 ಅಡಿ ಏಳೂವರೆ ಅಂಗುಲ, ಜಿಗಿದರು. ಶ್ರೀಶಂಕರ್ ಅವರ ಹೆಸರಿನಲ್ಲಿದ್ದ ದಾಖಲೆ 6 ಸೆಂಟಿಮೀಟರ್‌ಗಳಿಂದ ಹಿಂದೆ ಬಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗ್ರೀಸಿನ ಮಿಲ್ತಿಯಾದಿಸ್ ತೆಂತೊಗ್ಲು ಚಿನ್ನ ಗೆದ್ದದ್ದು 8.41 ಮೀಟರ್ ಜಿಗಿತಕ್ಕೆ ಎಂಬುದನ್ನು ಗಮನಿಸಿದರೆ ಈ ಸಾಧನೆಯ ಮಟ್ಟ ತಿಳಿಯುತ್ತದೆ.

ಮೂರೂವರೆ ತಿಂಗಳ ನಂತರ, ಜೂನ್‌ನಲ್ಲಿ, ಶ್ರೀಶಂಕರ್ ಭುವನೇಶ್ವರದ ಅಂತರರಾಜ್ಯ ಕೂಟದಲ್ಲಿ 8.41 ಮೀಟರ್ ಜಿಗಿದರು. ಕೇವಲ 1 ಸೆಂಟಿಮೀಟರ್ ಅಂತರದಿಂದ ದಾಖಲೆ ಜೆಸ್ವಿನ್ ಅವರಲ್ಲಿಯೇ ಉಳಿಯಿತು.

ಬುಡಾಪೆಸ್ಟ್ ಮತ್ತು ಹಾಂಗ್‌ಝೌ

2023ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕೂಟದಲ್ಲಿ ಜೆಸ್ವಿನ್ 8.22 ಮೀಟರ್ ಜಿಗಿದು ಮೊದಲಿಗರಾದರು. ಆಗಸ್ಟ್‌ನಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 8.00 ಮೀಟರ್ ಜಿಗಿದು, ಅಂತಿಮ ಸುತ್ತಿಗೆ ಆಯ್ಕೆಯಾಗುವ ಹನ್ನೆರಡು ಮಂದಿಯಲ್ಲಿ ಕೊನೆಯವರಾಗಿ ಸ್ಥಾನ ಪಡೆದರು. ಶ್ರೀಶಂಕರ್ ಆ ಸುತ್ತನ್ನು ದಾಟಲಿಲ್ಲ. ಅಂತಿಮ ಸುತ್ತಿನಲ್ಲಿ ಜೆಸ್ವಿನ್ ಅವರ ಉತ್ತಮ ಜಿಗಿತ 7.77 ಮೀಟರ್, ಅವರು ಹನ್ನೊಂದನೆಯ ಸ್ಥಾನ ಪಡೆದರು. 8.52 ಮೀಟರ್ ಜಿಗಿದ ತೆಂತೊಗ್ಲು ಚಿನ್ನ ಗೆದ್ದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಜೆಸ್ವಿನ್ 7.76 ಮೀಟರ್‌ನೊಂದಿಗೆ ಎಂಟನೆಯವರಾದರೆ, ಶ್ರೀಶಂಕರ್ 8.19 ಮೀಟರ್ ಜಿಗಿದು ಬೆಳ್ಳಿ ಪಡೆದರು.

ಪ್ಯಾರಿಸ್ ಒಲಿಂಪಿಕ್ಸ್

ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆಯಲು 8.27 ಮೀಟರ್ ಜಿಗಿಯಬೇಕಿತ್ತು. ಜೆಸ್ವಿನ್ ಅವರ ದಾಖಲೆ ಇದಕ್ಕಿಂತ 15 ಸೆಂಟಿಮೀಟರ್ ಹೆಚ್ಚಿನದಾಗಿದ್ದರೂ ಅದು ನೆರವಿಗೆ ಬರಲಿಲ್ಲ. ಅರ್ಹತೆಯ ಅವಧಿ 2023ರ ಜುಲೈ 1ರಂದು ಆರಂಭವಾಗಿತ್ತು. ತೋರಣಗಲ್ಲಿನ ಜಿಗಿತ ಅದಕ್ಕೆ ನಾಲ್ಕು ತಿಂಗಳು ಹಿಂದಿನದು. ಹೀಗಾಗಿ ಅವರು ವಿಶ್ವ ಶ್ರೇಯಾಂಕದ ಆಧಾರದ ಮೇಲೆ ಸ್ಥಾನ ಪಡೆದರು. ನೇರ ಅರ್ಹತೆ ಗಳಿಸಿದ್ದ ಶ್ರೀಶಂಕರ್ 2024ರ ಏಪ್ರಿಲ್‌ನಲ್ಲಿ ಮೊಣಕಾಲಿನ ಗಾಯದಿಂದ ಹಿಂದೆ ಸರಿದಿದ್ದರು. 2024ರ ಆಗಸ್ಟ್ 4ರಂದು ನಡೆದ ಅರ್ಹತಾ ಸುತ್ತಿನಲ್ಲಿ ಜೆಸ್ವಿನ್ ಅವರ ಉತ್ತಮ ಜಿಗಿತ 7.61 ಮೀಟರ್, ಅವರು ಅಂತಿಮ ಸುತ್ತಿಗೆ ಅರ್ಹರಾಗಲಿಲ್ಲ.

ಅರ್ಹತಾ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಮೂರೇ ಅವಕಾಶಗಳಿರುತ್ತವೆ. ನಲವತ್ತು ಮೀಟರಿನಷ್ಟು ದೂರದಿಂದ ವೇಗವಾಗಿ ಓಡಿಬಂದು 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಪಾದವಿಟ್ಟು ಜಿಗಿಯಬೇಕು. ಪಾದದ ತುದಿ ಹಲಗೆಯ ಮುಂದಿನ ಅಂಚನ್ನು ದಾಟಿದರೆ ಆ ಅವಕಾಶ ವ್ಯರ್ಥ. ಅಂಚಿಗಿಂತ ಹಿಂದೆಯೇ ಪಾದವಿಟ್ಟರೆ, ದೂರವನ್ನು ಅಂಚಿನಿಂದಲೇ ಅಳೆಯುವುದರಿಂದ, ಅಷ್ಟು ಅಂತರ ನಷ್ಟ. ಸ್ವಂತ ಮೈದಾನದಲ್ಲಿ ಸಾಧಿಸಿದ ದೂರವನ್ನು ದೊಡ್ಡ ಕೂಟಗಳಲ್ಲಿ ಪುನರಾವರ್ತಿಸುವುದು ಕಠಿಣವಾಗಲು ಇದು ಒಂದು ಕಾರಣ.

ದಾಖಲೆಯ ಹಿನ್ನೆಲೆ

ಭಾರತದಲ್ಲಿ ಪುರುಷರ ಉದ್ದಜಿಗಿತದ ರಾಷ್ಟ್ರೀಯ ದಾಖಲೆ ಬೆಳೆದುಬಂದ ಬಗೆ ಹೀಗಿದೆ:

* 8.07 ಮೀಟರ್ – ಟಿ. ಸಿ. ಯೋಹನ್ನನ್, 1974 (ಟೆಹರಾನ್ ಏಷ್ಯನ್ ಕ್ರೀಡಾಕೂಟ)
* 8.08 ಮೀಟರ್ – ಅಮೃತಪಾಲ್ ಸಿಂಗ್, 2004
* 8.09 ಮೀಟರ್ – ಕುಮಾರವೇಲ್ ಪ್ರೇಮ್‌ಕುಮಾರ್, 2013
* 8.19 ಮೀಟರ್ – ಅಂಕಿತ್ ಶರ್ಮಾ, 2016
* 8.20 ಮೀಟರ್ – ಮುರಳಿ ಶ್ರೀಶಂಕರ್, 2018
* 8.26 ಮೀಟರ್ – ಮುರಳಿ ಶ್ರೀಶಂಕರ್, 2021
* 8.36 ಮೀಟರ್ – ಮುರಳಿ ಶ್ರೀಶಂಕರ್, 2022
* 8.42 ಮೀಟರ್ – ಜೆಸ್ವಿನ್ ಆಲ್ಡ್ರಿನ್, 2023

8 ಮೀಟರ್ ದಾಟಿದ ಮೊದಲ ಭಾರತೀಯ ಯೋಹನ್ನನ್. ಅವರ ದಾಖಲೆ ಮೂವತ್ತು ವರ್ಷ ಅಬಾಧಿತವಾಗಿತ್ತು. 1974ರಿಂದ 2013ರವರೆಗಿನ ಸುಮಾರು ನಾಲ್ಕು ದಶಕಗಳಲ್ಲಿ ದಾಖಲೆ ಬೆಳೆದದ್ದು 2 ಸೆಂಟಿಮೀಟರ್ ಮಾತ್ರ. ಮುಂದಿನ ಹತ್ತು ವರ್ಷಗಳಲ್ಲಿ 33 ಸೆಂಟಿಮೀಟರ್. ಅಮೆರಿಕದ ಮೈಕ್ ಪೊವೆಲ್ 1991ರಲ್ಲಿ ಟೋಕಿಯೊದಲ್ಲಿ ಜಿಗಿದ 8.95 ಮೀಟರ್ ಈ ಸ್ಪರ್ಧೆಯ ವಿಶ್ವದಾಖಲೆ.

ಸ್ಥಳನಾಮದ ಬಗ್ಗೆ

ಜೆಸ್ವಿನ್ ಅವರ ದಾಖಲೆಯ ಸ್ಥಳವನ್ನು ಕೆಲವೆಡೆ 'ವಿಜಯನಗರ' ಎಂದೂ ಕೆಲವೆಡೆ 'ಬಳ್ಳಾರಿ' ಎಂದೂ ನಮೂದಿಸಲಾಗಿದೆ. ಇಲ್ಲಿ ವಿಜಯನಗರವೆಂದರೆ ಹಂಪಿಯಲ್ಲಿ ಅವಶೇಷಗಳಿರುವ ಹಳೆಯ ರಾಜಧಾನಿಯಲ್ಲ. ಹೊಸಪೇಟೆಯನ್ನು ಕೇಂದ್ರವಾಗಿಟ್ಟು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯೂ ಅಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಜಿಲ್ಲೆ ರಚನೆಯಾಗುವ ಮೊದಲಿನಿಂದಲೇ ಈ ಹೆಸರಿದೆ. ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿರುವ ತೋರಣಗಲ್ಲು ಸಂಡೂರು ತಾಲ್ಲೂಕಿಗೆ ಸೇರಿದ್ದು, ಜಿಲ್ಲೆಯ ವಿಭಜನೆಯ ನಂತರವೂ ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಆದ್ದರಿಂದ ಎರಡೂ ನಮೂದುಗಳು ಸೂಚಿಸುವುದು ಒಂದೇ ಮೈದಾನವನ್ನು.