ಅಂಟಿದ ನೋಟ, ಅಲೆಯುವ ನೋಟ: ಆಟಿಸಂನಲ್ಲಿ ದೃಶ್ಯ ಗಮನದ ಮರುಪರಿಶೀಲನೆ

ಆಟಿಸಂ ಇರುವ ಎಷ್ಟೋ ಮಕ್ಕಳ ಕಣ್ಣು ಸಣ್ಣ ವಿವರಗಳನ್ನು ಬಿಡುವುದಿಲ್ಲ ಎಂಬ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚು ತಕರಾರಿಲ್ಲ. ದೊಡ್ಡ ಚಿತ್ರದಲ್ಲಿ ಅಡಗಿಸಿದ ಆಕೃತಿಯನ್ನು ಅವರು ಚೆನ್ನಾಗಿ ಪತ್ತೆಮಾಡುತ್ತಾರೆಂದು ಅಮಿತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲೇ ತೋರಿಸಿದ್ದರು. ತಕರಾರಿರುವುದು ಒಂದರ ಮೇಲೆ ನೆಟ್ಟ ನೋಟವನ್ನು ಕಿತ್ತು ಇನ್ನೊಂದರತ್ತ ಹೊರಳಿಸುವ ವಿಚಾರದಲ್ಲಿ.

ಇದನ್ನು ಅಳೆಯುವ ಪ್ರಯೋಗ ಸರಳ. ಮಗು ಪರದೆಯ ನಡುವಿನ ಚಿತ್ರ ನೋಡುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಮೂಡುತ್ತದೆ. ಮೊದಲನೆಯದು ಆಗಲೇ ಮರೆಯಾಗಿದ್ದರೆ ಕಣ್ಣು ಸಲೀಸಾಗಿ ಹೊರಳುತ್ತದೆ. ಅದು ಹಾಗೇ ಉಳಿದಿದ್ದರೆ ತಡವಾಗುತ್ತದೆ. 2004ರಲ್ಲಿ ಲ್ಯಾಂಡ್ರಿ ಮತ್ತು ಬ್ರೈಸನ್ ಪರೀಕ್ಷಿಸಿದ ಆಟಿಸಂ ಮಕ್ಕಳು, ಎರಡೂ ಚಿತ್ರಗಳಿದ್ದಾಗ, ಶೇ. 20ರಷ್ಟು ಸಲ ಪೂರ್ತಿ 8 ಸೆಕೆಂಡ್ ಮೊದಲ ಚಿತ್ರಕ್ಕೇ ಅಂಟಿಕೊಂಡಿದ್ದರು. 2014ರಲ್ಲಿ ಫಿಶರ್, ಕಾನ್‌ವಿಷರ್ ಮತ್ತಿತರರು ಇಂಥದೇ ಪರೀಕ್ಷೆ ನಡೆಸಿದಾಗ ಅಂಥ ತೊಡಕು ಕಾಣಲಿಲ್ಲ.

ಈ ವಿರೋಧಕ್ಕೆ ವಯಸ್ಸು ಮತ್ತು ಸಾಮರ್ಥ್ಯದ ವ್ಯತ್ಯಾಸ ಒಂದು ಕಾರಣವಿರಬಹುದು. ಫಿಶರ್ ತಂಡದ ಮಕ್ಕಳು ಮಾತು ಬಲ್ಲವರು. ಅದನ್ನು ಒಪ್ಪುತ್ತಲೇ ಇನ್ನೊಂದು ಕಾರಣವನ್ನು ಮುಂದಿಡುತ್ತೇನೆ. 1994ರಿಂದ 2013ರವರೆಗೆ ಜಾರಿಯಲ್ಲಿದ್ದ ಅಮೆರಿಕದ ಮನೋರೋಗ ಕೈಪಿಡಿಯ ನಾಲ್ಕನೆಯ ಆವೃತ್ತಿ, ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೆಂದೂ ನಿರ್ಣಯಿಸಲು ಅವಕಾಶ ಕೊಡುತ್ತಿರಲಿಲ್ಲ. ಹೀಗಾಗಿ ಆ ಕಾಲದ 'ಆಟಿಸಂ ಗುಂಪು'ಗಳಲ್ಲಿ ಎರಡೂ ಇರುವ ಮಕ್ಕಳು ಗುರುತಿಲ್ಲದೆ ಸೇರಿಹೋಗಿರುವ ಸಾಧ್ಯತೆ ಹೆಚ್ಚು. ಪ್ರತಿಕ್ರಿಯೆಯ ವೇಗ ಒಂದೊಂದು ಸಲ ಒಂದೊಂದು ರೀತಿ ಇರುವುದು ಎಡಿಎಚ್‌ಡಿಯ ಗುರುತು. ಆಟಿಸಂನಲ್ಲಿ ಅದು ಮುಖ್ಯವಾಗಿ ಎಡಿಎಚ್‌ಡಿಯೂ ಇದ್ದಾಗ ಕಾಣುತ್ತದೆಂದು ಕರಾಲುನಾಸ್ ಮತ್ತಿತರರ 2014ರ ಸಮೀಕ್ಷೆ ಹೇಳುತ್ತದೆ. ಪ್ರತಿ ಸಲವೂ ತುಸು ತಡಮಾಡುವ ಮಗು, ಕೆಲವು ಸಲ ಮಾತ್ರ ಬಹಳ ತಡಮಾಡುವ ಮಗು, ಇಬ್ಬರ ಸರಾಸರಿಯೂ ಒಂದೇ ಬರಬಹುದು. ಒಳಗಿನ ಕಾರಣ ಮಾತ್ರ ಒಂದೇ ಅಲ್ಲ. ಹಾಗಾದರೆ 'ಅಂಟಿದ ನೋಟ'ದ ಒಂದು ಪಾಲು, ಪೂರ್ತಿಯಲ್ಲ, ಎಡಿಎಚ್‌ಡಿಯದಿರಬಹುದು. ಇದು ಊಹೆಯೇ, ಹಳೆಯ ದತ್ತಾಂಶವನ್ನು ಸಲಸಲಕ್ಕೂ ಬಿಡಿಸಿ ನೋಡದೆ ಸಾಬೀತಾಗದು.

ಇದು ಪ್ರಯೋಗಾಲಯದ ಮಾತಷ್ಟೇ ಅಲ್ಲ. ಹೊಳಲೂರಿನ ತಾಯಿಯೊಬ್ಬಳು ಶಿವಮೊಗ್ಗದ ವೈದ್ಯರೆದುರು, "ಫ್ಯಾನ್ ನೋಡ್ತಾ ಕೂತ್ರೆ ಕರೆದ್ರೂ ತಿರುಗಲ್ಲ, ಪುಸ್ತಕ ಕೊಟ್ರೆ ಒಂದು ನಿಮಿಷ ನಿಲ್ಲಲ್ಲ" ಎನ್ನುತ್ತಾಳೆಂದುಕೊಳ್ಳಿ. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿದ 40 ಅಂಶಗಳ ಭಾರತೀಯ ಆಟಿಸಂ ಮಾಪಕದಲ್ಲಿ ಬಹಳ ಹೊತ್ತು ಶೂನ್ಯವನ್ನು ದಿಟ್ಟಿಸುವುದು ಒಂದು ಅಂಶ, ಗಮನ ಸ್ಥಿರವಾಗಿಲ್ಲದಿರುವುದು ಇನ್ನೊಂದು. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಎಲ್ಲವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಎಡಿಎಚ್‌ಡಿಯಿಂದ ಬಂದ ಅಸ್ಥಿರತೆಯೂ ಆಟಿಸಂನ ಅಂಕವಾಗುತ್ತದೆ. ಮಾಪಕವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಎಷ್ಟೋ ಕುಟುಂಬಗಳಿಗೆ ಸೌಲಭ್ಯ ಸಿಗುವುದು ಅದರಿಂದಲೇ. ಆದರೆ ಎಡಿಎಚ್‌ಡಿಗೆ ಭಾರತದಲ್ಲೇ ಇನ್‌ಕ್ಲೆನ್ ಸಂಶೋಧನಾ ಸಂಸ್ಥೆ ರೂಪಿಸಿದ ಪ್ರತ್ಯೇಕ ಪರೀಕ್ಷಾ ಸಾಧನವಿದೆ. ಅದನ್ನೂ ಜೊತೆಗೇ ಬಳಸಿದರೆ ಈ ಎರಡು ದೂರುಗಳನ್ನು ಬೇರೆಬೇರೆಯಾಗಿ ಓದಲು ಸಾಧ್ಯ.

ಮಾತು ಬಾರದ, ಬೌದ್ಧಿಕ ತೊಡಕೂ ಇರುವ ಮಕ್ಕಳ ವಿಷಯದಲ್ಲಿ ನನ್ನ ವಾದ ಎಷ್ಟು ನಿಲ್ಲುತ್ತದೆಂಬುದು ತೀರ್ಮಾನವಾಗದ ಪ್ರಶ್ನೆ. ಲ್ಯಾಂಡ್ರಿ ಮತ್ತು ಬ್ರೈಸನ್ ಕಂಡದ್ದು ಆ ಮಕ್ಕಳಲ್ಲೇ ಪ್ರಬಲವಾಗಿರುವ, ಎಡಿಎಚ್‌ಡಿಗೆ ಸಂಬಂಧವಿಲ್ಲದ ಲಕ್ಷಣವೂ ಆಗಿರಬಹುದು.