ಜ್ವರ ಬಂದ ದಿನವೇ ಮದ್ದು

ಇವತ್ತು ಮಂಗಳೂರಿನಲ್ಲಿ ಚಳಿಜ್ವರ ಬಂದವರು ಬೆಳಿಗ್ಗೆ ಬೆರಳು ಚುಚ್ಚಿಸಿಕೊಂಡರೆ ಮಧ್ಯಾಹ್ನದ ಊಟದ ಹೊತ್ತಿಗೆ ಗುಳಿಗೆ ನುಂಗಿರುತ್ತಾರೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಯಾರಿಗೂ ಕಾಣುವುದಿಲ್ಲ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತೇ ನೌಕರಿ ಮುಗಿಸಿದ ನನಗೆ ಮಾತ್ರ ಇದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ. ರಕ್ತ ತೆಗೆಯುವುದಕ್ಕೂ ಮದ್ದು ಕೊಡುವುದಕ್ಕೂ ನಡುವೆ ಇದ್ದ ವಾರಗಳನ್ನು ಗಂಟೆಗಳಿಗೆ ಇಳಿಸಲು ಈ ದೇಶಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಮಲೇರಿಯಾದ ಪರೋಪಜೀವಿಯನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವರು ಫ್ರೆಂಚ್ ಸೇನಾ ವೈದ್ಯ ಲಾವೆರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡರು. ಅದಕ್ಕೆ ಎರಡು ವರ್ಷ ಮೊದಲು ಇದೇ ರಾಸ್ ಕಾಲರಾ ಹತೋಟಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದರು. 1901ರಲ್ಲಿ ಲೀಶ್‌ಮನ್ ಬಣ್ಣ, 1904ರಲ್ಲಿ ಗೀಮ್ಸಾ ಬಣ್ಣ ಬಂದವು. ಕೆಂಪು ರಕ್ತಕಣದೊಳಗೆ ನೀಲಿ ಉಂಗುರ, ಅದರ ಮೇಲೊಂದು ಕೆಂಪು ಚುಕ್ಕೆ ಎದ್ದು ಕಾಣುವಂತಾಯಿತು. ಅಂದರೆ ಒಂದು ಹನಿ ರಕ್ತದಿಂದ ಗಂಟೆಯೊಳಗೆ ರೋಗ ಹೇಳುವ ವಿದ್ಯೆ 1904ಕ್ಕೇ ನಮ್ಮ ಕೈಯಲ್ಲಿತ್ತು. ಆದರೆ ಸೂಕ್ಷ್ಮದರ್ಶಕ ಇದ್ದದ್ದು ದೊಡ್ಡ ಆಸ್ಪತ್ರೆಗಳಲ್ಲಿ, ಜ್ವರ ಇದ್ದದ್ದು ಹಳ್ಳಿಗಳಲ್ಲಿ. ಹಳ್ಳಿಯವರಿಗೆ ಸಿಕ್ಕಿದ್ದು ಅಂಚೆ ಕಚೇರಿಗಳಲ್ಲಿ ಪೊಟ್ಟಣ ಕಟ್ಟಿ ಮಾರುತ್ತಿದ್ದ ಕ್ವಿನೈನ್. ಪರೀಕ್ಷೆಯ ಮಾತೇ ಇರಲಿಲ್ಲ.

ನಮ್ಮ ಕಡೆ ಸೂಕ್ಷ್ಮದರ್ಶಕವನ್ನು ಹಳ್ಳಿಯ ಹತ್ತಿರಕ್ಕೆ ತಂದದ್ದು ಮೈಸೂರು ಸಂಸ್ಥಾನ. 1920ರ ದಶಕದ ಕೊನೆಗೆ ರಾಕ್‌ಫೆಲರ್ ಫೌಂಡೇಶನ್ನಿನ ನೆರವು ಪಡೆದು ಮಲೆನಾಡಿನ ಮೂಡಿಗೆರೆ, ಶ್ರೀರಂಗಪಟ್ಟಣದ ಹತ್ತಿರದ ನಗೇನಹಳ್ಳಿ, ಬಯಲುಸೀಮೆಯ ಹಿರಿಯೂರು ಇಂಥ ಕಡೆ ಮಲೇರಿಯಾ ಅಧ್ಯಯನದ ಕೇಂದ್ರಗಳನ್ನು ತೆರೆಯಿತು. ಇರ್ವಿನ್ ನಾಲೆಯ ನೀರು ಮಂಡ್ಯದ ಗದ್ದೆಗಳಿಗೆ ಹರಿದಾಗ ಬೆಳೆಯ ಜೊತೆ ಜ್ವರವೂ ಬಂದದ್ದು ಆ ಕಾಲದಲ್ಲೇ. ಎರಡನೇ ಮಹಾಯುದ್ಧದ ದಿನಗಳಲ್ಲಿ ವಿದೇಶಿ ಬಣ್ಣ ಸಿಗದಾದಾಗ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ಇಬ್ಬರು ಇಲ್ಲಿಯೇ ಸಿಗುವ ಮೆಥಿಲೀನ್ ನೀಲಿ ಮತ್ತು ಇಯೋಸಿನ್ ಬಳಸಿ ಹೊಸ ಬಣ್ಣ ಮಾಡಿದರು. 1944ರ ಆ ಜೆಎಸ್‌ಬಿ ಬಣ್ಣದಿಂದಲೇ ನಮ್ಮ ತಲೆಮಾರಿನ ಎಲ್ಲ ತಂತ್ರಜ್ಞರ ಬೆರಳು ನೀಲಿಯಾದದ್ದು. ಅಗ್ಗದ ಬಣ್ಣ, ಕೆಲವೇ ನಿಮಿಷದ ಕೆಲಸ. ಆ ಇಬ್ಬರ ಹೆಸರು ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾದವು. ಡಿಡಿಟಿ ಸಿಂಪಡಣೆಯಿಂದ 1961ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿಯಿತು. ಆಮೇಲೆ ಸೊಳ್ಳೆಗೆ ಡಿಡಿಟಿ ತಾಗದಾಯಿತು, ಉಸ್ತುವಾರಿಯೂ ಸಡಿಲವಾಯಿತು. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಮರುವರ್ಷ ಯೋಜನೆ ಬದಲಾಗಿ, ಸ್ಲೈಡು ನೋಡುವ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂತು. ನನ್ನಂಥವರಿಗೆ ನೌಕರಿ ಸಿಕ್ಕಿದ್ದು ಆ ಬದಲಾವಣೆಯಿಂದ.

ಆಗಿನ ಕ್ರಮ ಐವತ್ತು ದಾಟಿದವರಿಗೆ ನೆನಪಿರಬಹುದು. ಹದಿನೈದು ದಿನಕ್ಕೊಮ್ಮೆ ಆರೋಗ್ಯ ಕಾರ್ಯಕರ್ತ ಮನೆಗೆ ಬಂದು "ಯಾರಿಗಾದರೂ ಜ್ವರ ಉಂಟಾ?" ಎಂದು ಕೇಳಿ, ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದ. ಜ್ವರ ಇದ್ದರೆ ಬೆರಳು ಚುಚ್ಚಿ ಸ್ಲೈಡು ಮಾಡಿ, ನಾಲ್ಕು ಕ್ಲೋರೋಕ್ವಿನ್ ಗುಳಿಗೆ ಕೊಡುತ್ತಿದ್ದ. ಅದು ಅಂದಾಜಿನ ಮದ್ದು. ಸ್ಲೈಡಿನಲ್ಲಿ ಮಲೇರಿಯಾ ಕಂಡರೆ ಮಾತ್ರ ಪೂರ್ತಿ ಮದ್ದು, ಅಂದರೆ ಪ್ರೈಮಾಕ್ವಿನ್. ಆ ಎರಡರ ನಡುವೆ ಎಷ್ಟು ದಿನ ಹೋಗುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿತ್ತು.

ಒಂದು ಸ್ಲೈಡು ಆಗುವ ಬಗೆಯನ್ನು ಹೇಳುತ್ತೇನೆ. ಎಡಗೈಯ ಉಂಗುರ ಬೆರಳಿನ ಬದಿಗೆ ಸೂಜಿ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಗಾಜಿಗೆ ಮುಟ್ಟಿಸಬೇಕು. ಇನ್ನೊಂದು ಗಾಜಿನ ಮೂಲೆಯಿಂದ ಸುತ್ತಿಸಿ ದಪ್ಪ ಲೇಪ; ಅದರಡಿ ಪತ್ರಿಕೆ ಇಟ್ಟರೆ ಅಕ್ಷರ ಮಸುಕಾಗಿ ಓದಲು ಬರುವಷ್ಟು ದಪ್ಪ. ಪಕ್ಕದಲ್ಲಿ ಮತ್ತೊಂದು ಹನಿಯನ್ನು ಗಾಜಿನ ಅಂಚಿನಿಂದ ಎಳೆದು ನಾಲಗೆಯ ಆಕಾರದ ತೆಳು ಲೇಪ. ಅದು ಒಣಗಿದ ಮೇಲೆ ಅದರ ಮೇಲೆಯೇ ಪೆನ್ಸಿಲಿನಿಂದ ರೋಗಿಯ ನಂಬರು. ದಪ್ಪ ಲೇಪದಲ್ಲಿ ರೋಗ ಇದೆಯೇ ಎಂದು ಹುಡುಕುವುದು, ತೆಳು ಲೇಪದಲ್ಲಿ ಅದು ಯಾವ ಬಗೆಯ ಮಲೇರಿಯಾ, ವೈವ್ಯಾಕ್ಸೋ ಫಾಲ್ಸಿಪಾರಮ್ಮೋ ಎಂದು ತೀರ್ಮಾನಿಸುವುದು. ಎಣ್ಣೆ ಹಾಕುವ ಲೆನ್ಸಿನಡಿ ನೂರು ಫೀಲ್ಡು ನೋಡದೆ 'ಇಲ್ಲ' ಎಂದು ಬರೆಯುವಂತಿಲ್ಲ.

ನಾನು ಮೊದಲು ಕೆಲಸ ಮಾಡಿದ ಮಲೆನಾಡಿನ ಕೇಂದ್ರಕ್ಕೆ ಉಪಕೇಂದ್ರಗಳಿಂದ ಸ್ಲೈಡುಗಳು ಕಾಗದದಲ್ಲಿ ಸುತ್ತಿ, ಕಟ್ಟುಕಟ್ಟಾಗಿ, ಬಸ್ಸಿನಲ್ಲಿ ಬರುತ್ತಿದ್ದವು. ಮಳೆಗಾಲದಲ್ಲಿ ಲೇಪ ಒಣಗುತ್ತಿರಲಿಲ್ಲ, ಬೂಸಲು ಹಿಡಿಯುತ್ತಿತ್ತು. ಒಣಗಲು ಇಟ್ಟದ್ದನ್ನು ರಾತ್ರಿ ಜಿರಳೆ ತಿಂದು ಹೋಗುತ್ತಿತ್ತು. ಬೆಳಿಗ್ಗೆ ನೋಡಿದರೆ ಬರೀ ಗಾಜು. ಉಳಿದವನ್ನು ನೋಡಿ ವರದಿ ಬರೆದು ಕಳಿಸುವ ಹೊತ್ತಿಗೆ ರೋಗಿಯ ಜ್ವರ ಬಿಟ್ಟು ಎಷ್ಟೋ ದಿನವಾಗಿರುತ್ತಿತ್ತು. ಕಾಫಿ ತೋಟದ ಲೈನ್ ಮನೆಯ ಒಬ್ಬ ಹೆಂಗಸಿನ ಸ್ಲೈಡಿನಲ್ಲಿ ಫಾಲ್ಸಿಪಾರಮ್ ಕಂಡು ಮದ್ದು ಕಳಿಸಿದರೆ, ಆಕೆ ಮಕ್ಕಳೊಂದಿಗೆ ಬೇರೆ ತೋಟಕ್ಕೆ ಹೋಗಿಯಾಗಿತ್ತು. ಯಾವ ತೋಟಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಗುಳಿಗೆಗಳು ವಾಪಸು ಬಂದವು.

ಆ ಹೆಂಗಸಿನ ವಿಚಾರ ಯಾಕೆ ಮುಖ್ಯ ಎಂದರೆ, ಫಾಲ್ಸಿಪಾರಮ್ ಬಂದವರ ರಕ್ತದಲ್ಲಿ ಸೊಳ್ಳೆಗೆ ದಾಟಬಲ್ಲ ಹಂತದ ಪರೋಪಜೀವಿಗಳು ಜ್ವರ ಶುರುವಾದ ಸುಮಾರು ಹತ್ತು ದಿನಕ್ಕೆ ಕಾಣಿಸಿಕೊಳ್ಳುತ್ತವೆ. ಕ್ಲೋರೋಕ್ವಿನ್ ಜ್ವರವನ್ನು ಇಳಿಸುತ್ತದೆ, ಇವನ್ನು ಕೊಲ್ಲುವುದಿಲ್ಲ. ಗುಣವಾಯಿತೆಂದು ಕೆಲಸಕ್ಕೆ ಹೋದವರು ಹೋದಲ್ಲೆಲ್ಲ ರೋಗ ಬಿತ್ತುತ್ತಾರೆ. ವೈವ್ಯಾಕ್ಸಿನಲ್ಲಂತೂ ಜ್ವರದ ಮೊದಲ ದಿನಗಳಲ್ಲೇ ಅವು ರಕ್ತದಲ್ಲಿರುತ್ತವೆ. ವರದಿ ತಡವಾದ ಒಂದೊಂದು ದಿನವೂ ಸೊಳ್ಳೆಯ ಪಾಲಿಗೆ ಹೋಗುತ್ತಿತ್ತು.

ಈ ಅಂತರ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡದ್ದು ಮಂಗಳೂರಿನಲ್ಲಿ. 1990ರ ದಶಕದಲ್ಲಿ ಊರು ಮೇಲಕ್ಕೆ ಬೆಳೆಯತೊಡಗಿತು. ಹೊಸ ತಾರಸಿಗೆ ಕ್ಯೂರಿಂಗ್ ಮಾಡಲು ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅನಾಫಿಲಿಸ್ ಸ್ಟೀಫನ್ಸೈ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಅಷ್ಟು ದಿನ ಸಾಕು. ಆ ತಾರಸಿಯ ಕೆಳಗೇ ಕೆಲಸಗಾರರು ಮಲಗುತ್ತಿದ್ದರು. ಹೆಚ್ಚಿನವರು ಬಾಗಲಕೋಟೆ, ಗದಗ, ಕೊಪ್ಪಳ ಕಡೆಯವರು. ಜ್ವರ ಊರಿಡೀ ಹಬ್ಬಿತು. ರಾಜ್ಯದ ಮಲೇರಿಯಾ ಲೆಕ್ಕದಲ್ಲಿ ಮಂಗಳೂರಿನ ಪಾಲು ವರ್ಷಗಟ್ಟಲೆ ದೊಡ್ಡದಾಗಿಯೇ ಉಳಿಯಿತು.

ಆಗ ನಗರದ ಜನ ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡರು. ಜ್ವರ ಬಂದರೆ ಮೊದಲು ಲ್ಯಾಬು. ಡಾಕ್ಟರು ಚೀಟಿಯಲ್ಲಿ 'ಎಂಪಿ' (ಮಲೇರಿಯಾ ಪರೋಪಜೀವಿಯ ಪರೀಕ್ಷೆ) ಎಂದೋ 'ಕ್ಯೂಬಿಸಿ' ಎಂದೋ ಬರೆಯುತ್ತಿದ್ದರು. ರಿಕ್ಷಾದವರಿಂದ ಹಿಡಿದು ಮೀನು ಮಾರುವ ಹೆಂಗಸರವರೆಗೆ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ಕ್ಯೂಬಿಸಿಯಲ್ಲಿ ರಕ್ತವನ್ನು ಸಣ್ಣ ನಳಿಗೆಯಲ್ಲಿ ತಿರುಗಿಸಿ, ವಿಶೇಷ ಬೆಳಕಿನಲ್ಲಿ ನೋಡಿದರೆ ಪರೋಪಜೀವಿ ಹೊಳೆಯುತ್ತದೆ. 1848ರಿಂದ ಇರುವ ವೆನ್‌ಲಾಕ್ ಆಸ್ಪತ್ರೆಗೆ ಬರುವ ಬಡವರಿಂದ ಖಾಸಗಿ ಆಸ್ಪತ್ರೆಯ ಹಣವಂತರವರೆಗೆ ಎಲ್ಲರಿಗೂ ಅಂದೇ ವರದಿ ಬೇಕಾಗಿತ್ತು. ಗದಗ ಕಡೆಯ ಒಬ್ಬ ಗಾರೆ ಕೆಲಸದವರು ಬೆಂಚಿನ ಮೇಲೆ ನಡುಗುತ್ತಾ ಕೂತು ನನಗೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಇವತ್ತ ಗುಳಿಗಿ ಕೊಟ್ಟ ಕಳಸ್ರೀ ಸರ. ನಾಳಿ ಬಾ ಅಂದ್ರ ಬರೂದಾಗೂದಿಲ್ರಿ, ಪಗಾರ ಹೊಕ್ಕೈತಿ." ನಾವು ಅವರ ಸ್ಲೈಡನ್ನು ಕಟ್ಟಿನ ಕೆಳಗೆ ಹಾಕಲಿಲ್ಲ. ಅವರೆದುರಿಗೇ ಬಣ್ಣ ಹಾಕಿ, ನೋಡಿ, ವರದಿ ಬರೆದು, ಔಷಧದ ಕಿಟಕಿಗೆ ಕಳಿಸಿದೆವು.

ಆಮೇಲಿನ ಬದಲಾವಣೆಗಳು ಬೇಗಬೇಗ ಬಂದವು. 2005ರ ಸುಮಾರಿಗೆ ಬೆರಳಷ್ಟುದ್ದದ ಪರೀಕ್ಷಾ ಕಾರ್ಡು ನಮ್ಮ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಬಂತು. ಹನಿ ರಕ್ತ, ಹನಿ ದ್ರಾವಣ, ಇಪ್ಪತ್ತು ನಿಮಿಷದೊಳಗೆ ಗೆರೆ. ಕರೆಂಟು, ಸೂಕ್ಷ್ಮದರ್ಶಕ ಎರಡೂ ಇಲ್ಲದ ಊರಿನಲ್ಲಿ ಆಶಾ ಕಾರ್ಯಕರ್ತೆಯೇ ಅಲ್ಲೇ ಪರೀಕ್ಷಿಸಿ ಅಲ್ಲೇ ಮದ್ದು ಕೊಡುವಂತಾಯಿತು. 2010ರ ರಾಷ್ಟ್ರೀಯ ಔಷಧ ನೀತಿ ಹಳೆಯ ಅಂದಾಜಿನ ಮದ್ದನ್ನು ಕೈಬಿಟ್ಟು, ಫಾಲ್ಸಿಪಾರಮ್ಮಿಗೆ ಆರ್ಟೆಮಿಸಿನಿನ್ ಸೇರಿದ ಜೋಡಿ ಔಷಧವನ್ನು ದೇಶಕ್ಕೆಲ್ಲ ಒಂದೇ ನಿಯಮ ಮಾಡಿತು. 2015ರಿಂದ ಮಂಗಳೂರಿನಲ್ಲಿ ಕಾರ್ಯಕರ್ತರು ಟ್ಯಾಬ್ ಹಿಡಿದು, ರೋಗ ಪತ್ತೆಯಾದ ಮನೆಯನ್ನೂ ಅದರ ಸುತ್ತಲಿನ ನೀರನ್ನೂ ಹುಡುಕಿ ಹೋಗತೊಡಗಿದರು. ಅಲ್ಲಿಂದೀಚೆಗೆ ಪ್ರಕರಣಗಳು ಕಡಿಮೆಯಾಗುತ್ತಾ ಬಂದಿವೆ.

ಬಂದ ದಿನವೇ ಮದ್ದು ಎಂಬ ಇದೇ ಕ್ರಮವನ್ನು ಬೇರೆ ಕಾಯಿಲೆಗಳಿಗೂ ಅನ್ವಯಿಸುವ ಅರ್ಜೆಂಟ್ ಕೇರ್ ಕ್ಲಿನಿಕ್ಕುಗಳು ಅಮೆರಿಕದಲ್ಲಿ 1970ರ ದಶಕದಿಂದ ಇವೆ. ಮುಂಗಡ ಹೆಸರು ಬರೆಸದೆ ಹೋಗಿ, ಅಲ್ಲೇ ಪರೀಕ್ಷೆ ಮಾಡಿಸಿ, ಮದ್ದಿನೊಂದಿಗೆ ಮನೆಗೆ ಬರುವ ಏರ್ಪಾಟು. ನಮ್ಮಲ್ಲಿ 2022ರ ಕೊನೆಗೆ ಶುರುವಾದ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಕ್ಲಿನಿಕ್ಕುಗಳ ಆಸೆಯೂ ಇದೇ. ಇವು ಬೆಳೆಯಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಮಲೇರಿಯಾ ಕಲಿಸಿದ ಎರಡು ಪಾಠ ಬಿಡಬಾರದು. ಕಾರ್ಡು ಬಂತೆಂದು ಸೂಕ್ಷ್ಮದರ್ಶಕದವರನ್ನು ಎಬ್ಬಿಸಬೇಡಿ: ಫಾಲ್ಸಿಪಾರಮ್ ಗುಣವಾಗಿ ವಾರಗಳಾದರೂ ಕಾರ್ಡು ಗೆರೆ ತೋರಿಸುವುದುಂಟು, ಪರೋಪಜೀವಿ ತೀರ ಕಡಿಮೆ ಇದ್ದಾಗ ತೋರಿಸದೆ ಇರುವುದೂ ಉಂಟು. ಎರಡನೆಯದು, ಮೊದಲ ದಿನದ ಗುಳಿಗೆ ಶುರು ಮಾತ್ರ. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಡಾಕ್ಟರು ಹೇಳಿದ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಮುಗಿಯದೆ ಅದು ಹೋಗುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಎರಡು ದಿನ ಕಾಯಬೇಡಿ, ಆ ದಿನವೇ ರಕ್ತ ಕೊಡಿ. ವರದಿ ಕೈಗೆ ಬರುವ ತನಕ ಎದ್ದು ಹೋಗಬೇಡಿ. ನಿಮ್ಮ ಕಟ್ಟಡದ ಕೆಲಸಗಾರರಿಗೆ ಜ್ವರ ಬಂದರೆ ಆ ದಿನದ ಕೂಲಿ ಹಿಡಿಯದೆ ಲ್ಯಾಬಿಗೆ ಕಳಿಸಿ. ಅವರ ಜ್ವರ ಇಳಿದರೆ ಇಡೀ ಬೀದಿಯ ಜ್ವರ ಇಳಿಯುತ್ತದೆ.